ಕಲ್ಲಡಿಗಳಿಗೆ ಹೆದರಿಕೆ ಕಲಿಸಿದ್ದು

ಮಾರ್ಚ್ ಹದಿನಾಲ್ಕು, ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷ. ಮೀನುತಜ್ಞೆ ಮೊಣಕಾಲುದ್ದ ನೀರಿನಲ್ಲಿ ನಿಂತು, ಪ್ಲಾಸ್ಟಿಕ್ ಚೀಲದ ಬಾಯಿ ಬಿಚ್ಚಿ, ನಲವತ್ತು ಮೀನುಗಳನ್ನು ನದಿಗೆ ಬಿಟ್ಟಳು. ಹನ್ನೆರಡು ವರ್ಷಗಳ ಮೇಲೆ ಈ ಜಾತಿ ತನ್ನ ನದಿಗೆ ಮರಳಿದ ಕ್ಷಣ ಅದು. ದಡದಲ್ಲಿ ಸಂಶೋಧನಾ ಕೇಂದ್ರದ ನಿರ್ದೇಶಕರು ಕ್ಯಾಮೆರಾ ಹಿಡಿದು ನಿಂತಿದ್ದರು. ಐತಿಹಾಸಿಕ ಕ್ಷಣವೆಂದು ಅಂಗಿಗೆ ಇಸ್ತ್ರಿಯನ್ನೂ ಮಾಡಿಸಿದ್ದರು.

ಮೀನುಗಳು ಹೋಗಲಿಲ್ಲ. ಅವಳ ರಬ್ಬರ್ ಬೂಟುಗಳ ಸುತ್ತ ನೆರೆದು, ಬಾಯಿ ತೆರೆದು, ತಿಂಡಿಗೆ ಕಾದವು.

"ಹೋಗ್ರೋ! ಇಷ್ಟು ದೊಡ್ಡ ನದಿ ಇದೆ, ಹೋಗ್ರೋ!" ಎಂದು ಅವಳು ಕೈಯಿಂದ ನೀರು ಕಲಕಿದಳು. ಕೈ ಕಂಡದ್ದೇ ತಡ, ಇನ್ನೂ ಹತ್ತಿರ ಬಂದವು.

ಅವಳು ಮೆಲ್ಲನೆ ಹಿಂದೆ ಸರಿದು ದಡ ಹತ್ತಿದಳು. ಸ್ವಲ್ಪ ಆಚೆ ಒಂದು ಬೂದು ಬಕ ತನ್ನ ಧ್ಯಾನದಲ್ಲಿ ನಿಂತಿತ್ತು. ಮೇಲಿಂದ ನೀರಿಗೆ ಏನಿಳಿದರೂ ಊಟ ಬಂತು ಎಂದೇ ಹುಟ್ಟಿದಾಗಿನಿಂದ ನಂಬಿದ್ದ ಮೀನುಗಳು, ಈ ಕಾಲು ಹೋದರೇನು, ಆ ಕಾಲಿದೆಯಲ್ಲ ಎಂದು ಅತ್ತ ಈಜಿದವು. ಬಕ ತನ್ನ ಜನ್ಮದಲ್ಲಿ ಇಂಥ ಸತ್ಕಾರ ಕಂಡಿರಲಿಲ್ಲ. ಎರಡು ಮೀನು ನುಂಗಿ, ಇದರಲ್ಲೇನೋ ಮೋಸವಿರಬೇಕು ಎಂಬಂತೆ ಕತ್ತು ಓರೆ ಮಾಡಿ ನೋಡಿ, ಮತ್ತೆ ಶುರು ಹಚ್ಚಿಕೊಂಡಿತು. ಅವಳು ಕೂಗುತ್ತ ನೀರಿಗೆ ಓಡಿದರೆ ಬಕ ಹಾರುತ್ತಿತ್ತು, ದಡಕ್ಕೆ ಬಂದರೆ ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ತನ್ನ ಬಳಗವನ್ನೂ ಕರೆದುಕೊಂಡು ಬಂದಿತು. ಕೊನೆಗೆ ಉಳಿದ ಹನ್ನೊಂದನ್ನು ಅವಳು ಬೊಗಸೆಯಲ್ಲೇ ಎತ್ತಿ ಚೀಲಕ್ಕೆ ತುಂಬಿಕೊಂಡಳು. ಬಲೆ ಬೇಕಾಗಲಿಲ್ಲ, ತಾವಾಗಿಯೇ ಬೊಗಸೆ ಹತ್ತಿದವು.

"ವರದಿಲಿ ಏನಂತ ಬರೀಲಿ, ಮೇಡಂ?" ನಿರ್ದೇಶಕರು ಕೇಳಿದರು.

"ಬಕಗಳ ಸಂರಕ್ಷಣೆ ಯಶಸ್ವಿ ಅಂತ ಬರೀರಿ, ಸರ್."

ಕಲ್ಲಡಿ ಎಂಬುದು ಕೇಂದ್ರದವರು ಈ ಮೀನಿಗೆ ಇಟ್ಟ ಅಡ್ಡಹೆಸರು. ಹೆಬ್ಬೆರಳಿನಷ್ಟು ಉದ್ದ, ಕೆಸರಿನ ಬಣ್ಣ, ಬಾಲದ ಬುಡದಲ್ಲಿ ಒಂದು ಕಪ್ಪು ಚುಕ್ಕೆ. ಹುಲಿ, ಆನೆಗಳ ಹಾಗೆ ಪೋಸ್ಟರಿಗೆ ಹಾಕುವ ಮುಖವಲ್ಲ. ನದಿತಳದ ಚಪ್ಪಟೆ ಕಲ್ಲುಗಳ ಅಡಿಯಲ್ಲಿ ಮೊಟ್ಟೆಯಿಡುತ್ತದೆ. ಮೇಲ್ಗಡೆಯ ಒಡ್ಡಿನಿಂದ ಹರಿವು ಸತ್ತು ಕಲ್ಲುಗಳ ಮೇಲೆ ಹೂಳು ಕುಳಿತಾಗ ಮೊಟ್ಟೆಗಳು ಉಸಿರು ಕಟ್ಟಿ ಸತ್ತವು. ಸೇತುವೆಯ ಕೆಳಗಿನ ಗುಂಡಿಯಲ್ಲಿ ಕೊನೆಗೆ ಉಳಿದಿದ್ದ ಮೂವತ್ತು ಚಿಲ್ಲರೆ ಮೀನುಗಳನ್ನು ತೊಟ್ಟಿಗೆ ತಂದವಳು ಇವಳೇ.

ತೊಟ್ಟಿಯಲ್ಲಿ ಅವು ಏನನ್ನೂ ಮುಟ್ಟಲಿಲ್ಲ. ಅವಳು ಬೆರಳ ತುದಿಯಲ್ಲಿ ಹುಳು ಹಿಡಿದು ಗಂಟೆಗಟ್ಟಲೆ ನೀರಿನಲ್ಲಿ ಕೈಯಿಟ್ಟು ಕೂತಳು. ಒಂದು ಮುದಿ ಗಂಡುಮೀನು ಕೊನೆಗೂ ಬಂದು ಕಚ್ಚಿತು. ಅದರ ಹಿಂದೆ ಉಳಿದವೂ ಬಂದವು, ಬದುಕಿದವು, ಮರಿ ಮಾಡಿದವು. ಕೈತುತ್ತಿನ ಈ ವಿಧಾನದ ಬಗ್ಗೆ ಅವಳು ಪ್ರಬಂಧ ಬರೆದಳು, ಸಮ್ಮೇಳನಗಳಲ್ಲಿ ಚಪ್ಪಾಳೆ ಬಿದ್ದವು. ಈ ಕೈಗೆ ನದಿಯಲ್ಲಿ ಏನು ಅರ್ಥ ಎಂದು ಆ ಸಭೆಗಳಲ್ಲಿ ಯಾರೂ ಕೇಳಲಿಲ್ಲ. ಅವಳೂ ಕೇಳಿಕೊಳ್ಳಲಿಲ್ಲ.

ಈಗ ಒಡ್ಡು ಒಡೆದು ವರ್ಷವಾಗಿತ್ತು. ಹೂಳು ಕೊಚ್ಚಿಹೋಗಿ ಕಲ್ಲುಗಳು ತೊಳೆದಿಟ್ಟಂತಿದ್ದವು. ನದಿ ಸಿದ್ಧವಾಗಿತ್ತು, ಮೀನು ಸಿದ್ಧವಿರಲಿಲ್ಲ.

"ಮೇ ಕೊನೆಗೆ ಇನ್ನೊಂದ್ಸಲ ಬಿಡೋಣ," ಎಂದರು ನಿರ್ದೇಶಕರು. "ಆಗ್ಲೂ ಹೀಗೇ ಆದ್ರೆ ತೊಟ್ಟಿಗಳು ಅಲಂಕಾರ ಮೀನಿನ ವಿಭಾಗಕ್ಕೆ ಹೋಗ್ತವೆ. ನಿಮ್ಮವು ನಾಲ್ಕು ಸ್ವಾಗತ ಕೋಣೆಯ ಗಾಜಿನ ಪೆಟ್ಟಿಗೆಲಿ ಇರ್ಲಿ. ಬಂದವರು ನೋಡ್ತಾರೆ."

ಆ ಪೆಟ್ಟಿಗೆಯಲ್ಲಿ ಈಗಾಗಲೇ ಒಂದು ಪ್ಲಾಸ್ಟಿಕ್ ಹಡಗು, ಗುಳ್ಳೆ ಬಿಡುವ ಒಂದು ಪ್ಲಾಸ್ಟಿಕ್ ಕಪ್ಪೆ ಇದ್ದವು. ತನ್ನ ಮೀನುಗಳು ಆ ಕಪ್ಪೆಯ ಪಕ್ಕ ಮುದಿಯಾಗುವುದನ್ನು ನೆನೆದು ಅವಳಿಗೆ ಊಟ ಸೇರಲಿಲ್ಲ.

ಅವಳ ಅಕ್ಕ ಕೆಳಗಿನ ಮನೆಯವಳು, ಶಾಲೆಯಲ್ಲಿ ಗಣಿತದ ಮೇಷ್ಟ್ರು. ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಲ್ವೇ, ಹನ್ನೆರಡು ವರ್ಷ ಸಾಕಿ ಮೀನಿಗೆ ಭಿಕ್ಷೆ ಬೇಡೋದು ಕಲ್ಸಿದ್ದೀಯಲ್ಲೇ!"

"ನಗಬೇಡ ಅಕ್ಕ. ಅವಕ್ಕೆ ಹೆದರೋದು ಕಲಿಸ್ಬೇಕು."

"ಅಷ್ಟೇನಾ? ನನ್ನ ಕರ್ಕೊಂಡು ಹೋಗು. ಲೆಕ್ಕದ ಪಿರಿಯಡ್ ಅಂದ್ರೆ ಎಂಟನೇ ಕ್ಲಾಸಿನವಕ್ಕೆ ಹೊಟ್ಟೆನೋವು ಶುರುವಾಗುತ್ತೆ. ಮೀನು ಯಾವ ಮಹಾ?"

ವಿಧಾನವೇನೋ ಇತ್ತು. ಈ ವಂಶದ ಮೀನಿನ ಚರ್ಮ ಹರಿದರೆ ಒಂದು ರಾಸಾಯನಿಕ ನೀರಿಗೆ ಬೆರೆಯುತ್ತದೆ. ಅದರ ವಾಸನೆ ಹಿಡಿದ ಉಳಿದವು ಓಡಿ ಅಡಗುತ್ತವೆ, ಆ ಗಳಿಗೆಯಲ್ಲಿ ಎದುರಿಗೆ ಏನಿತ್ತೋ ಅದಕ್ಕೆ ಮುಂದೆಯೂ ಹೆದರುತ್ತವೆ. ವಯಸ್ಸಾಗಿ ಸತ್ತ ಮೀನುಗಳು ಫ್ರೀಜರಿನಲ್ಲಿದ್ದವು. ಅವಳು ಚರ್ಮ ಅರೆದು, ಸೋಸಿ, ಪಿಚಕಾರಿಗೆ ತುಂಬಿದಳು. ಕೈ ಎಷ್ಟು ಹತ್ತಿರ ಬಂದಾಗ ಮೀನು ತಿರುಗಿ ಓಡುತ್ತದೆ ಎಂಬುದೇ ಪರೀಕ್ಷೆ. ಅದಕ್ಕೆ ತೊಟ್ಟಿಯ ಗಾಜಿಗೆ ಅಳತೆಪಟ್ಟಿ ಅಂಟಿಸಿದಳು.

ಶನಿವಾರ ಅಕ್ಕ ಬಂದಳು. ಒಂದು ಕೈಯಲ್ಲಿ ಬಕದ ಕಾಲಿನ ಬಣ್ಣ ಬಳಿದ ಎರಡು ಕೋಲು. ಇನ್ನೊಂದು ಕೈಯನ್ನು ಬರಿದಾಗಿಯೇ ನೀರಿಗಿಳಿಸಿದಳು. ತಂಗಿ ಪಿಚಕಾರಿ ಒತ್ತಿದಳು.

"ಯಾರೋ ಅದು ಕೊನೇ ಬೆಂಚು? ನಿಂಗೆ ಬೇರೆ ಹೇಳ್ಬೇಕಾ?" ಎಂದು ಅಕ್ಕ ಗದರಿದಳು. ಗದರಿಕೆ ವಿಧಾನದಲ್ಲಿ ಇರಲಿಲ್ಲ, ಅದು ಅವಳ ಸಂತೋಷಕ್ಕೆ.

ಹೀಗೇ ಅಭ್ಯಾಸ ನಡೆದು, ಏಪ್ರಿಲ್ ಮುಗಿಯುವಷ್ಟರಲ್ಲಿ ಮೀನುಗಳು ಅಕ್ಕನ ಕೈಗೆ ನಲವತ್ತು ಸೆಂಟಿಮೀಟರ್ ದೂರದಲ್ಲೇ ಓಡತೊಡಗಿದವು, ಕೋಲಿಗೆ ಐವತ್ತು. ಆಮೇಲೆ ತಂಗಿ ತನ್ನ ಕೈ ಇಳಿಸಿದಳು. ಕಲ್ಲುಗಳ ಅಡಿಯಿಂದ ಒಂದೊಂದಾಗಿ ಹೊರಬಂದು, ನಡೆದದ್ದನ್ನೆಲ್ಲ ದೂರು ಹೇಳುವವರಂತೆ ಅವಳ ಬೆರಳಿಗೆ ಮುತ್ತಿಕೊಂಡವು. ಅಂತರ ಸೊನ್ನೆ.

"ನಾನು ರಾಕ್ಷಸಿ, ನೀನು ಅಮ್ಮ. ಚೆನ್ನಾಗಿದೆ ನ್ಯಾಯ," ಎಂದಳು ಅಕ್ಕ.

"ಆಮೇಲೆ ನಾನು ನದಿ ಕಡೆ ಹೋಗದೇ ಇದ್ರಾಯ್ತಲ್ಲ."

"ನಿನ್ನಂಥ ಕೈ ಊರಲ್ಲಿ ಇನ್ನ್ಯಾರಿಗೂ ಇಲ್ವಾ? ನಾಳೆ ಯಾರೋ ಬಟ್ಟೆ ಒಗೆಯೋಕೆ ಬರ್ತಾರೆ. ನಿನ್ನ ಮೀನು ಗುರುತಿನ ಚೀಟಿ ನೋಡುತ್ತಾ?"

ಇದು ಅವಳಿಗೆ ಗೊತ್ತಿಲ್ಲದ್ದಲ್ಲ. ಒಂದು ಕೈಗೆ ವಿನಾಯಿತಿ ಕೊಟ್ಟರೆ ಆ ವಿನಾಯಿತಿ ಬೇರೆ ಕೈಗಳಿಗೂ ಹರಡುತ್ತದೆ ಎಂದು ಅವಳೇ ಬೇರೆಯವರ ಪ್ರಬಂಧದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದಳು. ಗೊತ್ತಿದ್ದೂ ಸುಮ್ಮನಿದ್ದದ್ದು ವಿಜ್ಞಾನವಲ್ಲ, ವ್ಯಾಮೋಹ.

ಸೋಮವಾರ ಫ್ರೀಜರಿನಲ್ಲಿ ಉಳಿದಿದ್ದುದು ಒಂದೇ ಡಬ್ಬಿ. ಅದರಲ್ಲಿದ್ದದ್ದು ಮೊದಲು ಕೈ ಕಚ್ಚಿದ ಮುದಿ ಮೀನಿನ ಕೊನೆಯ ಮಗ, ಜನವರಿಯಲ್ಲಿ ಸತ್ತದ್ದು. ಅಪ್ಪನಂತೆಯೇ ಹೊಟ್ಟೆಬಾಕ. ವಿಜ್ಞಾನಿಗಳು ಮೀನಿಗೆ ಹೆಸರಿಡಬಾರದು ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಅವಳು ಅದನ್ನು ಮನಸ್ಸಿನಲ್ಲಿ ಭಾವ ಎಂದು ಕರೆಯುತ್ತಿದ್ದಳು. ಭಾವನ ಚರ್ಮವನ್ನೇ ಅರೆದಳು.

ಬಲಗೈ ನೀರಿಗಿಟ್ಟಳು. ಎಲ್ಲವೂ ಬಂದವು. ಎಡಗೈಯಿಂದ ಪಿಚಕಾರಿ ಒತ್ತಿದಳು. ದೀಪ ಆರಿಸಿದಂತೆ ತೊಟ್ಟಿ ಖಾಲಿ. ಒಂದು ಮರಿ ಮಾತ್ರ ಗೊಂದಲದಲ್ಲಿ ಅವಳ ಕಿರುಬೆರಳಿನ ಬಳಿಯೇ ಉಳಿಯಿತು. ಅವಳು ಅಂಗೈಯಿಂದ ನೀರನ್ನು ಪಟ್ಟೆಂದು ಬಡಿದಳು. ಅದೂ ಹೋಯಿತು.

"ಅಳ್ತಿದ್ದೀಯೇನೇ?" ಅಕ್ಕ ಬಾಗಿಲಲ್ಲಿ ನಿಂತಿದ್ದಳು.

"ಈರುಳ್ಳಿ."

"ಪ್ರಯೋಗಶಾಲೇಲಿ ಈರುಳ್ಳಿ ಎಲ್ಲಿಂದ ಬಂತೇ?"

"ಸುಮ್ನಿರಕ್ಕ."

ಅಂದಿನಿಂದ ಹುಳುಗಳು ತೊಟ್ಟಿಯ ಹಿಂಗೋಡೆಯ ಕೊಳವೆಯಿಂದ ಬಂದವು, ಯಾರ ಕೈಯೂ ಕಾಣದಂತೆ. ಅವಳು ಆ ರಸವನ್ನೇ ಹನಿಹನಿಯಾಗಿ ಬಳಸಿ ದಿನವೂ ಹೆದರಿಸಿದಳು. ಅವಳ ಕೈಗೆ ಸೊನ್ನೆಯಿದ್ದ ಅಂತರ ಐದು ಸೆಂಟಿಮೀಟರ್ ಆಯಿತು, ಹದಿನೆಂಟಾಯಿತು, ಮೂವತ್ತಾಯಿತು, ಕೊನೆಗೆ ಅಕ್ಕನ ನಲವತ್ತನ್ನೂ ದಾಟಿತು. "ನನಗಿಂತ ದೊಡ್ಡ ಮೇಷ್ಟ್ರಾದೆ ಬಿಡು," ಎಂದು ಅಕ್ಕ ಮುನಿಸು ತೋರಿಸಿದಳು.

ಮೇ ಕೊನೆಯಲ್ಲಿ ಎಂಬತ್ತು ಮೀನುಗಳನ್ನು ಬಿಟ್ಟರು. ಚೀಲ ಬಗ್ಗಿಸಿದ್ದಷ್ಟೇ ಕಂಡದ್ದು.

"ಫೋಟೋದಲ್ಲಿ ಬರೀ ನೀರಿದೆ ಕಣ್ರೀ," ನಿರ್ದೇಶಕರು ಗೊಣಗಿದರು.

"ಅದೇ ಸರ್ ಬೇಕಾಗಿದ್ದು."

ಆದರೆ ನೀರು ಬರಿದೇ ಇದ್ದರೆ ಅದಕ್ಕೆ ಎರಡು ಕಾರಣಗಳಿರಬಹುದು: ಮೀನು ಅಡಗಿದೆ, ಇಲ್ಲವೇ ಮೀನಿಲ್ಲ. ಯಾವುದೆಂದು ನೋಡಲು, ಮಳೆ ತಡವಾಗಿದ್ದ ಆ ಜೂನ್ ಕೊನೆಯಲ್ಲಿ ಅವಳೂ ನಿರ್ದೇಶಕರೂ ಗಾಜಿನ ತಳದ ಬಕೆಟ್ ಹಿಡಿದು ನೀರಿಗಿಳಿದರು. ಮಧ್ಯಾಹ್ನದವರೆಗೆ ಕಲ್ಲು, ಪಾಚಿ, ಯಾರದೋ ಒಂಟಿ ಚಪ್ಪಲಿ. ಆಮೇಲೆ ಒಂದು ಚಪ್ಪಟೆ ಕಲ್ಲಿನ ಅಂಚಿನಲ್ಲಿ ಕಪ್ಪು ಚುಕ್ಕೆ. ಕಲ್ಲಡಿ, ಮೈ ತುಂಬಿಕೊಂಡಿತ್ತು.

ತಿಂಗಳಿಂದ ಯಾರೂ ಹೆದರಿಸಿರಲಿಲ್ಲ, ಕಲಿತದ್ದು ಮರೆತಿರಬಹುದು. ಅವಳು ಅಂಗಿಯ ತೋಳು ಮಡಚಿ ಕೈಯನ್ನು ನೀರೊಳಗೆ ತೇಲಿಸಿದಳು. ನಿರ್ದೇಶಕರು ಅಳತೆಕೋಲನ್ನು ತಳಕ್ಕೆ ಮಲಗಿಸಿ ಹಿಡಿದರು. ಮೀನು ತಿರುಗಿ ಕೈಯನ್ನು ನೋಡಿತು. ಬಾ ಎಂದಿತು ಅವಳ ಮನಸ್ಸು, ನಾಚಿಕೆಯಿಲ್ಲದೆ. ಮೀನು ಹೊರಳಿ ಕಲ್ಲಿನಡಿಗೆ ನುಗ್ಗಿತು.

"ಎಷ್ಟು ಸರ್?"

ನಿರ್ದೇಶಕರು ಬಗ್ಗಿ ಕೋಲಿನ ಗೆರೆ ಓದಿದರು. ಎಪ್ಪತ್ತೊಂದು ಸೆಂಟಿಮೀಟರ್.