ಸಡಿಲಾಗದ ಪ್ಯಾಂಟು

ಮಧ್ಯಾಹ್ನ ಅಂಗಡಿಯ ಶಟರ್ ಅರ್ಧ ಎಳೆದು, ಟೈಲರ್ ತನ್ನ ಪ್ಯಾಂಟನ್ನೇ ಮಿಷನ್ನಿನ ಬಾಯಿಗೆ ಕೊಟ್ಟ. ಸೊಂಟದ ಹಿಂಬದಿಯ ಹೊಲಿಗೆ ಬಿಚ್ಚಿ, ಅರ್ಧ ಇಂಚು ಒಳಗೆ ಹಿಡಿದು, ಮತ್ತೆ ಹೊಲಿದ. ಒಂಬತ್ತು ತಿಂಗಳಲ್ಲಿ ಇದು ಎಷ್ಟನೇ ಸಲವೋ ಅವನಿಗೇ ನೆನಪಿಲ್ಲ. ಷರಟುಗಳದ್ದೂ ಇದೇ ಪಾಡು. ಮೈ ಸೊರಗುತ್ತಾ ಹೋದ ಹಾಗೆಲ್ಲ ಬಟ್ಟೆಯೂ ಅದರ ಬೆನ್ನು ಹತ್ತಿ ಸಣ್ಣದಾಗುತ್ತಿತ್ತು.

ತನ್ನ ಬಟ್ಟೆಯೇ ಜೋಲಾಡುವ ಟೈಲರಿಗೆ ಯಾರು ತಾನೇ ಬಟ್ಟೆ ಕೊಟ್ಟಾರು? ಇದು ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ ನೆಪ. ಒಳಗಿನ ಮಾತು ಬೇರೆ. ಅವನ ಅಪ್ಪನೂ ಹೀಗೇ ಸೊರಗಿ ಸೊರಗಿ, ಹೊಟ್ಟೆಯಲ್ಲಿ ಗಡ್ಡೆಯಿದೆ ಎಂದು ತಿಳಿದ ಎರಡೇ ತಿಂಗಳಿಗೆ ಹೋಗಿಬಿಟ್ಟಿದ್ದ. ತಿಳಿಯದೇ ಇದ್ದಿದ್ದರೆ ಇನ್ನಷ್ಟು ದಿನ ಇರುತ್ತಿದ್ದನೇನೋ ಎಂಬುದು ಮಗನ ತರ್ಕ.

ಉಂಡು ಅರ್ಧ ಗಂಟೆ ಆಗುವುದೇ ತಡ, ಒದ್ದೆ ಬಟ್ಟೆ ಹಿಂಡಿದ ಹಾಗೆ ಹೊಟ್ಟೆ ಹಿಂಡುತ್ತಿತ್ತು. ಒಂದು ಗಂಟೆ, ಎರಡು ಗಂಟೆ. ಉಣ್ಣದಿದ್ದರೆ ನೋವಿಲ್ಲ. ಬರಬರುತ್ತಾ ತಟ್ಟೆ ಕಂಡರೇ ದೂರ ಸರಿಸತೊಡಗಿದ.

"ಮೂವತ್ತು ವರ್ಷ ರುಚಿಯಾಗಿದ್ದ ನನ್ನ ಕೈಯಡುಗೆಗೆ ಈಗೇನು ಬಂತು?" ಎಂದು ಹೆಂಡತಿ ಸಿಡುಕುವಳು.

"ಹಸಿವಿಲ್ಲ."

"ಸಿಗರೇಟಿಗೆ ಮಾತ್ರ ಬಕಾಸುರನ ಹಸಿವು!"

ಕಡೆಗೊಂದು ದಿನ ಅವನು ಕತ್ತರಿ ಹಿಡಿದಲ್ಲೇ ಕುಸಿದ. ಹೆಂಡತಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಗಂಟಲಿಗೆ ನಳಿಗೆ ಇಳಿಸಿ ನೋಡಿದ್ದಾಯಿತು, ಹೊಟ್ಟೆಯ ಸ್ಕ್ಯಾನೂ ಆಯಿತು.

"ಗಡ್ಡೆ ಇಲ್ಲ, ಹುಣ್ಣೂ ಇಲ್ಲ," ಎಂದರು ಡಾಕ್ಟರಮ್ಮ. ಟೈಲರಿಗೆ ಹೋದ ಜೀವ ಬಂದಂತಾಯಿತು. "ತೂಕ ನಲವತ್ತೇಳು. ಇತ್ತೀಚೆಗೆ ಇಳಿದಿದ್ದಾರಾ?"

ಉತ್ತರ ಕೊಟ್ಟವಳು ಹೆಂಡತಿ. "ಇಲ್ಲ ಡಾಕ್ಟ್ರೇ, ಮೊದಲಿಂದ್ಲೂ ಸಣ್ಣ ಆಳು. ಇದು ಎರಡು ವರ್ಷದ ಹಳೇ ಪ್ಯಾಂಟು, ನೋಡಿ ಹೇಗೆ ಕೂತಿದೆ. ಇಳಿದಿದ್ರೆ ಸಡಿಲ ಆಗ್ತಿರ್ಲಿಲ್ವಾ?"

"ಹಾಗಾದ್ರೆ ಈ ಹೊಟ್ಟೆನೋವು ಮನಸ್ಸಿಂದ ಇರ್ಬಹುದು. ಮನಸ್ಸಿನ ಡಾಕ್ಟರಿಗೊಂದು ಚೀಟಿ ಬರೀತೀನಿ."

ಪೆನ್ನು ಓಡತೊಡಗಿತು. ಸುಮ್ಮನೆ ಚೀಟಿ ತೆಗೆದುಕೊಂಡು ಎದ್ದು ಹೋಗಬಹುದಿತ್ತು. ಆದರೆ ಕಳೆದ ಸಲ ಹಿಡಿದದ್ದೇ ಕೊನೆಯ ಅರ್ಧ ಇಂಚು, ಇನ್ನು ಹಿಡಿಯಲು ಆ ಪ್ಯಾಂಟಿನಲ್ಲಿ ಬಟ್ಟೆಯಿರಲಿಲ್ಲ. ಟೈಲರ್ ಎದ್ದು, ಬೆನ್ನು ತಿರುಗಿಸಿ, ಷರಟು ಮೇಲೆತ್ತಿದ.

"ಇಲ್ಲಿ ನೋಡಿ ಡಾಕ್ಟ್ರೇ. ಹಿಂದಿನ ಎರಡು ಜೇಬಿನ ಮಧ್ಯೆ ನಾಲ್ಕು ಬೆರಳು ಜಾಗ ಇರಬೇಕು. ಈಗ ಒಂದಕ್ಕೊಂದು ಮುತ್ತಿಡ್ತಾ ಇವೆ. ಪಕ್ಕದ ಹೊಲಿಗೆಯೂ ಸೇರಿ ಆರು ಇಂಚು ಹಿಡಿದಿದ್ದೀನಿ. ಹದಿನಾರು ಕಿಲೋ ಹೋಗಿದೆ."

ಪೆನ್ನು ನಿಂತಿತು. "ಉಂಡ್ರೆ ನೋವು. ಅದಕ್ಕೆ ಹೆದರಿ ಊಟಾನೇ ಬಿಟ್ರಿ. ಅಲ್ವಾ?"

"ಹೂಂ."

ಡಾಕ್ಟರಮ್ಮ ಚೀಟಿ ಹರಿದು ಬುಟ್ಟಿಗೆ ಹಾಕಿದರು. ಹೆಂಡತಿ ಆ ಜೇಬುಗಳ ನಡುವಿನ ಹೊಲಿಗೆಯ ಮೇಲೆ ಬೆರಳಾಡಿಸಿದಳು.

ರಕ್ತನಾಳಕ್ಕೆ ಬಣ್ಣದ ಔಷಧಿ ಬಿಟ್ಟು ಮತ್ತೊಂದು ಸ್ಕ್ಯಾನ್ ಮಾಡಿಸಿದರು. ಅದನ್ನು ಬೆಳಕಿಗೆ ಹಿಡಿದು ಸರ್ಜನ್ ಬಿಡಿಸಿ ಹೇಳಿದರು. "ಕರುಳಿಗೆ ರಕ್ತ ಒಯ್ಯೋ ದೊಡ್ಡ ನಾಳ ಮೂರು. ಎರಡು ಮುಚ್ಚಿಹೋಗಿವೆ, ಮೂರನೆಯದು ದಾರದಷ್ಟು ಉಳಿದಿದೆ. ಉಂಡಾಗ ಕರುಳು ಹೆಚ್ಚು ರಕ್ತ ಕೇಳುತ್ತೆ, ಸಿಗಲ್ಲ, ಅದಕ್ಕೇ ಆ ನೋವು. ಇದೂ ಮುಚ್ಚಿದ್ರೆ ಕರುಳೇ ಸಾಯುತ್ತೆ. ಸ್ಟೆಂಟ್ ತೂರಿಸೋಕೂ ದಾರಿಯಿಲ್ಲ. ಹೊಟ್ಟೆ ತೆರೆದು, ಮುಚ್ಚಿರೋ ಜಾಗ ದಾಟಿಸಿ, ಬೇರೆ ಕೊಳವೆ ಹೊಲೀಬೇಕು."

"ಹೊಲಿಯೋದಾ? ಹಾಗಾದ್ರೆ ಬಿಗಿಯಾಗಿ ಹಿಡೀಬೇಡಿ ಸಾರ್, ಕೊಂಚ ಸಡಿಲ ಬಿಡಿ."

ಸರ್ಜನ್ ನಕ್ಕರು. ನಗು ಬಹಳ ಹೊತ್ತು ಇರಲಿಲ್ಲ. "ಇಷ್ಟು ಸೊರಗಿದ ಮೈಯಲ್ಲಿ ಹತ್ತರಲ್ಲಿ ಒಬ್ಬರು ಏಳೋದಿಲ್ಲ. ಆರು ತಿಂಗಳು ಮೊದಲೇ ಬಂದಿದ್ರೆ ಇಷ್ಟು ಭಯ ಇರ್ತಿರ್ಲಿಲ್ಲ."

ಹೊರಗೆ ಬೆಂಚಿನ ಮೇಲೆ ಹೆಂಡತಿ ಅವನತ್ತ ತಿರುಗಿದಳು. "ಪಕ್ಕದಲ್ಲೇ ಮಲಗ್ತಿದ್ದೆ ಕಣ್ರೀ. ಡಾಕ್ಟ್ರ ಮುಂದೆ ನನ್ನ ಬಾಯಲ್ಲೇ ಸುಳ್ಳು ಹೇಳಿಸಿದ್ರಲ್ಲ."

ಅವನು ಒಳಗೆ ಹೋಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಬಂದ.

ಹತ್ತು ದಿನ ನರದ ಮೂಲಕ ಆಹಾರ ಇಳಿಸಿ ಮೈಗೊಂದಿಷ್ಟು ಕಸುವು ತುಂಬಿಸಿದರು. ಆಮೇಲೆ ಐದು ಗಂಟೆಯ ಆಪರೇಷನ್. ಅವನು ಎದ್ದ. ಆದರೆ ಆರನೇ ದಿನ ಬೆಳಿಗ್ಗೆ ತೆಳು ಗಂಜಿ ಬಂದಾಗ, ಹೆಂಡತಿ ಹಿಡಿದ ಚಮಚದ ಮುಂದೆ ಅವನ ತುಟಿ ಬಿಗಿಯಿತು.

"ಹಸಿವಿಲ್ಲ."

ಅವಳು ಚಮಚ ಕೆಳಗಿಟ್ಟಳು. "ಹಸಿವಿಲ್ವಾ, ಹೆದರಿಕೆನಾ? ನೆಟ್ಟಗೆ ಹೇಳಿ."

ಅವನು ಗೋಡೆ ನೋಡಿದ, ಸೂರು ನೋಡಿದ. "ಹೆದರಿಕೆ."

"ನನಗೂ," ಎಂದಳು.

ಆರು ಚಮಚ ಇಳಿಯಿತು. ಅರ್ಧ ಗಂಟೆ ಇಬ್ಬರೂ ಗಡಿಯಾರ ನೋಡುತ್ತಾ ಕೂತರು. ಗಾಯದ ಪಟ್ಟಿಯ ಕೆಳಗೆ ಏನೋ ಚುಳುಕ್ ಎಂದಿತು. ಅಭ್ಯಾಸದಂತೆ ಅವನು ಮುಖ ಆಚೆ ತಿರುಗಿಸಿದವನು, ಮತ್ತೆ ಈಚೆ ತಿರುಗಿದ.

"ಏನೇ, ನೋಯ್ತಾ ಇದೆ. ಹೊಲಿಗೇದೋ ಒಳಗಿಂದೋ ಗೊತ್ತಾಗ್ತಿಲ್ಲ."

ಮಾತು ಮುಗಿಯುವಷ್ಟರಲ್ಲಿ ಅವಳು ಬಾಗಿಲಲ್ಲಿದ್ದಳು. ನರ್ಸ್ ಬಂದು, ಒತ್ತಿ ನೋಡಿ, ಡಾಕ್ಟರಿಗೆ ಫೋನು ಮಾಡಿ ಕೇಳಿಕೊಂಡಳು. "ಸದ್ಯಕ್ಕೆ ಗಾಯದ ನೋವಿನ ಹಾಗಿದೆ. ಮಧ್ಯಾಹ್ನ ಡಾಕ್ಟರ್ ಬಂದು ನೋಡ್ತಾರೆ. ಅಷ್ಟರೊಳಗೆ ಜಾಸ್ತಿಯಾದ್ರೆ ತಕ್ಷಣ ಹೇಳ್ಬೇಕು."

"ಹೇಳ್ತಾರೆ," ಎಂದಳು ಹೆಂಡತಿ, ಅವನ ಮುಖದಿಂದ ಕಣ್ಣು ಕೀಳದೆ. "ಹೇಳದೆ ಎಲ್ಲಿಗೆ ಹೋಗ್ತಾರೆ!"