ಒಂದು ಸುತ್ತು, ಆರು ನಿಮಿಷ

ನಾನು ಕಂಡಕ್ಟರು, ನನ್ನ ಗಂಡ ಡ್ರೈವರು, ಬಸ್ಸು ಒಂದೇ. ಇದನ್ನು ಹೇಳಿದರೆ ಸಾಕು, ಜನ "ಅಯ್ಯೋ, ಎಷ್ಟು ಚೆನ್ನ! ದಿನವೆಲ್ಲ ಜೊತೆಗೇ ಇರ್ತೀರಿ" ಎಂದು ಕಣ್ಣರಳಿಸುತ್ತಾರೆ. ಜೊತೆಯಂತೆ ಜೊತೆ! ಇವರ ಮುಖ ರಸ್ತೆಯ ಕಡೆ, ನನ್ನ ಮುಖ ಜನರ ಕಡೆ. ಹದಿನೆಂಟು ವರ್ಷ ನಾನು ನೋಡಿದ್ದು ಇವರ ತಲೆಯ ಹಿಂಭಾಗವನ್ನು. ಅಲ್ಲಿ ಯಾವ ವರ್ಷ ಎಷ್ಟು ಕೂದಲು ಉದುರಿತು ಎಂದು ಯಾರಾದರೂ ಕೇಳಿದರೆ ನಿದ್ದೆಗಣ್ಣಿನಲ್ಲೂ ಹೇಳಿಯೇನು. ನಮ್ಮಿಬ್ಬರ ನಡುವೆ ಮಾತೆಂದರೆ ಸೀಟಿ. ಒಂದು ಸಲ ಊದಿದರೆ ನಿಲ್ಲಿಸಬೇಕು, ಎರಡು ಸಲ ಊದಿದರೆ ಹೊರಡಬೇಕು. ಮನೆಯಲ್ಲಿ ನನ್ನ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳದ ಈ ಮನುಷ್ಯ, ಬಸ್ಸಿನಲ್ಲಿ ಮಾತ್ರ ನನ್ನ ಸೀಟಿಯನ್ನು ಒಂದು ದಿನವೂ ಮೀರಿದವರಲ್ಲ.

ನಮ್ಮದು ಊರಿನ ನಡುವಿನ ದೊಡ್ಡ ಪಾರ್ಕನ್ನು ಸುತ್ತುವ ಬಸ್ಸು. ದಿನಕ್ಕೆ ಒಂಬತ್ತು ಸುತ್ತು, ಸುತ್ತಿಗೆ ನಾಲ್ಕು ಗೇಟು. ಪ್ರತಿ ಗೇಟಿನಲ್ಲೂ ಕೂಗಿ ಕೂಗಿ ಜನರನ್ನು ಇಳಿಸುತ್ತಿದ್ದೆ. ಚಾಪೆ ಹಿಡಿದವರು, ಚೆಂಡು ಹಿಡಿದವರು, ಕೈ ಕೈ ಹಿಡಿದವರು ಎಲ್ಲರೂ ಖುಷಿಯಾಗಿ ಒಳಗೆ ಹೋಗುತ್ತಿದ್ದರು. ನಾವಿಬ್ಬರು ಮಾತ್ರ ಒಮ್ಮೆಯೂ ಒಳಗೆ ಕಾಲಿಟ್ಟವರಲ್ಲ. ರಜೆಯ ದಿನ ಬಟ್ಟೆ ಒಗೆಯಬೇಕು, ಮನೆ ಗುಡಿಸಬೇಕು, ವಾರದ ನಿದ್ದೆಯ ಬಾಕಿ ತೀರಿಸಬೇಕು. ಹುಲ್ಲು ನೋಡಿಕೊಂಡು ಕೂರುವುದಕ್ಕೆ ಯಾರಿಗೆ ಪುರಸೊತ್ತು?

ಆರು ತಿಂಗಳ ಹಿಂದೆ, ಮೂರನೇ ಗೇಟಿನ ಹತ್ತಿರ ಬಸ್ಸು ನಿಂತಿತು. ಜನ ಇಳಿದರು, ಜನ ಹತ್ತಿದರು. ಎರಡು ಸಲ ಸೀಟಿ ಊದಿದೆ. ಬಸ್ಸು ಹೊರಡಲಿಲ್ಲ. "ಏನ್ರೀ, ನಿದ್ದೆನಾ?" ಎಂದು ಕೂಗಿ ಮತ್ತೆ ಊದಿದೆ. ಹೋಗಿ ನೋಡಿದರೆ ಇವರು ಸ್ಟೀರಿಂಗಿನ ಮೇಲೆ ತಲೆಯಿಟ್ಟಿದ್ದರು. ಅಂಥ ಎದೆನೋವಿನಲ್ಲೂ ಬಸ್ಸನ್ನು ಪಕ್ಕಕ್ಕೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ಕುಸಿದಿದ್ದರು. ಆಪರೇಷನ್ ಆಯಿತು. ಜೀವ ಉಳಿಯಿತು. ಮನೆಗೆ ಬಂದ ಮೇಲೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತವರು, ಐದು ತಿಂಗಳು ಅಲ್ಲಿಂದ ಏಳಲಿಲ್ಲ. ಬಚ್ಚಲಿಗೆ ಹೋಗುವಾಗಲೂ ಗೋಡೆ ಹಿಡಿದೇ ಹೋಗುತ್ತಿದ್ದರು.

ಆಗ ಡಿಪೋದಿಂದ ಕಾಗದ ಬಂತು. ಒಂದು ತಿಂಗಳಲ್ಲಿ ಡಿಪೋದ ಡಾಕ್ಟರಮ್ಮನ ಮುಂದೆ ನಡೆದು ತೋರಿಸಬೇಕು. ಪಾರ್ಕಿನ ದೊಡ್ಡ ಹುಲ್ಲುಹಾಸಿನ ಸುತ್ತ ಒಂದು ಕಾಲುದಾರಿ ಇದೆ, ನಾನೂರು ಮೀಟರು. ಅದನ್ನು ಆರು ನಿಮಿಷದೊಳಗೆ ಒಂದು ಸುತ್ತು ಹಾಕಿದರೆ ಸ್ಟೀರಿಂಗ್ ವಾಪಸು. ಹಾಕದಿದ್ದರೆ ಇನ್ನು ಬಸ್ಸಿನ ಆಸೆ ಬಿಡಬೇಕು, ಟೈರ್ ಗೋಡೌನಿನಲ್ಲಿ ಕೆಲಸ.

"ಗೋಡೌನಲ್ಲಿ ಕೂರೋಕೆ ನಾನೇನು ಇಲಿನಾ?" ಎಂದು ಕಾಗದವನ್ನು ಮಡಿಸಿ ಪಕ್ಕಕ್ಕಿಟ್ಟರು.

"ಹಾಗಾದ್ರೆ ಏಳಿ, ನಡೀರಿ."

"ಆಗಲ್ಲ ಕಣೇ."

"ನನಗೂ ಆ ಬ್ರೇಕಣ್ಣನ ಜೊತೆ ಆಗ್ತಿಲ್ಲ ರೀ."

ಬ್ರೇಕಣ್ಣ ಎಂದರೆ ಇವರ ಜಾಗಕ್ಕೆ ಬಂದ ಹೊಸ ಡ್ರೈವರು. ಅವನು ಒಮ್ಮೆ ಬ್ರೇಕು ಹಾಕಿದರೆ ಹಿಂದಿನ ಸೀಟಿನ ಅಜ್ಜಿ ಮುಂದಿನ ಸೀಟಿಗೆ ಬಂದು ಕೂರುತ್ತಾಳೆ. ಆ ಮಾತಿಗೆ ಇವರ ಮೀಸೆಯ ಕೆಳಗೆ ಚೂರು ನಗು ಬಂತು. ಅಷ್ಟು ಸಾಕಾಯಿತು. ಮಾರನೆಯ ಬೆಳಿಗ್ಗೆ ಷೂ ಹಾಕಿಸಿ ಹೊರಡಿಸಿಯೇಬಿಟ್ಟೆ. ನನಗೆ ಆ ತಿಂಗಳು ಮಧ್ಯಾಹ್ನದ ಪಾಳಿ.

ಮೊದಲ ಗೇಟಿನಿಂದ ಒಳಗೆ ಹೋಗಿ ಹತ್ತು ಹೆಜ್ಜೆ ಇಟ್ಟಿಲ್ಲ, ಇಬ್ಬರೂ ನಿಂತುಬಿಟ್ಟೆವು. ಹೊರಗಿನಿಂದ ಕಂಡದ್ದು ಬರೀ ಅಂಚು. ಒಳಗೆ ಕಣ್ಣು ಹಾಯುವಷ್ಟು ದೂರವೂ ಹುಲ್ಲು. ಮಧ್ಯದಲ್ಲಿ ಒಂದು ಕಂಬವಿಲ್ಲ, ಗೋಡೆಯಿಲ್ಲ, ಬೋರ್ಡಿಲ್ಲ. ಆಗಷ್ಟೇ ಕತ್ತರಿಸಿದ ಹುಲ್ಲಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಒಬ್ಬ ಹುಡುಗಿ ಅಂಗಾತ ಮಲಗಿ ಪುಸ್ತಕ ಓದುತ್ತಿದ್ದಳು. ಒಂದು ನಾಯಿ ಯಾರ ಹಂಗೂ ಇಲ್ಲದೆ ಹೊರಳಾಡುತ್ತಿತ್ತು. ನೀರಿನ ಪೈಪಿನಿಂದ ಹನಿಗಳು ತಿರುತಿರುಗಿ ಹಾರುತ್ತಿದ್ದವು. ನಮ್ಮ ಎರಡು ಕೋಣೆಯ ಮನೆಯಲ್ಲಿ ಕೈ ಚಾಚಿದರೆ ಬೀರು ತಗಲುತ್ತದೆ. ಇಲ್ಲಿ ಕೈ ಚಾಚಬಹುದು ಎನ್ನಿಸಿ, ನಾಚಿಕೆ ಬಿಟ್ಟು ಎರಡೂ ಕೈ ಚಾಚಿದೆ.

"ಇಷ್ಟು ವರ್ಷ ಇದನ್ನ ಸುತ್ತಿದ್ದೇ ಸುತ್ತಿದ್ದು," ಎಂದರು ಇವರು. "ಇಷ್ಟು ದೊಡ್ಡದು ಅಂತ ಗೊತ್ತೇ ಇರ್ಲಿಲ್ಲ ನೋಡು."

ನಡಿಗೆ ಶುರುವಾಯಿತು. ಶುರುವಾಯಿತು ಎಂದೆನಲ್ಲ, ಅದೇ ತಪ್ಪು. ಮೊದಲ ಬೆಂಚು ಬಂದ ಕೂಡಲೇ ಇವರು ಎಡಕ್ಕೆ ಸರಿದು ನಿಂತರು. ಸುಸ್ತಾಯಿತೇನೋ ಎಂದು ತೋಳು ಹಿಡಿದುಕೊಂಡೆ. ಸುಸ್ತೂ ಇಲ್ಲ, ಮಣ್ಣೂ ಇಲ್ಲ. ಬೆಂಚಿನ ಹತ್ತಿರ ಇಬ್ಬರು ಹೆಂಗಸರು ನಿಂತಿದ್ದರು. ಸ್ಟಾಪಿನಲ್ಲಿ ಜನ ನಿಂತಿದ್ದರೆ ಇವರ ಕಾಲು ತಾನಾಗಿ ನಿಲ್ಲುತ್ತದೆ! ತಿರುವು ಬಂದರೆ ಬಲಗೈ ಹೊರಗೆ ಚಾಚುವುದು. ಮುಂದೆ ಕೋಲೂರಿಕೊಂಡು ಹೋಗುವ ಮುದುಕರನ್ನು ದಾಟುವುದಿಲ್ಲ, ದಾರಿ ಕಿರಿದು, ಓವರ್‌ಟೇಕ್ ಮಾಡಬಾರದಂತೆ. ನಾನೇನು ಕಮ್ಮಿಯೇ? ಬೆಂಚಿನ ತುದಿಯಲ್ಲಿ ಕೂತವರಿಗೆ, "ಒಳಗೆ ಸರೀರಿ, ಒಳಗೆ ಸರೀರಿ, ಜಾಗ ಇದೆ" ಎಂದುಬಿಟ್ಟೆ. ಪಾಪ, ಅವರು ಸರಿದೂಬಿಟ್ಟರು.

ಅರ್ಧ ಸುತ್ತಿಗೆ ಇವರು ಬೆಂಚಿನಲ್ಲಿ ಕೂತರು. ಎಷ್ಟು ಹೇಳಿದರೂ ಏಳಲಿಲ್ಲ. ಬೇಡಿಕೊಂಡೆ, ಬೈದೆ, ಮುಖ ಊದಿಸಿಕೊಂಡೆ. ಕೊನೆಗೆ ಸಿಟ್ಟು ನೆತ್ತಿಗೇರಿ ಕೊರಳಲ್ಲಿದ್ದ ಸೀಟಿಯನ್ನು ಬಾಯಿಗಿಟ್ಟು ಎರಡು ಸಲ ಊದಿದೆ. ಇವರು ಥಟ್ಟನೆ ಎದ್ದು ನಡೆಯತೊಡಗಿದರು! ನಾಲ್ಕು ಹೆಜ್ಜೆ ಹೋದ ಮೇಲೆಯೇ ಇವರಿಗೆ ತಾವು ನಡೆಯುತ್ತಿರುವುದು ಗೊತ್ತಾದದ್ದು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಐದು ತಿಂಗಳಲ್ಲಿ ಅದೇ ಮೊದಲು.

ಅಂದಿನಿಂದ ಸೀಟಿಯದೇ ಕಾರುಬಾರು. ಎರಡೇ ದಿನದಲ್ಲಿ ಒಬ್ಬರು ಪ್ರಯಾಣಿಕರೂ ಸಿಕ್ಕರು. ಬಿಸಿಲಿದ್ದರೂ ಕತ್ತಿಗೆ ಮಫ್ಲರ್ ಸುತ್ತಿಕೊಂಡು ಬರುವ ಮುದುಕರು ಅವರು. ನಾನು ಅವರಿಗೆ ಮಫ್ಲರ್ ಮಾವ ಎಂದೇ ಹೆಸರಿಟ್ಟೆ.

"ಏನಮ್ಮಾ, ಈ ಬಸ್ಸಲ್ಲಿ ಸೀಟಿದ್ಯಾ?"

"ನಿಂತ್ಕೊಂಡೇ ಬರ್ಬೇಕು ಮಾವ. ಹಿಂದಿಂದ ಹತ್ತಿ."

ಅವರು ಇವರ ಹಿಂದೆ ಸೇರಿಕೊಂಡರು. ವಾರ ಕಳೆಯುವುದರಲ್ಲಿ ಅವರ ಹಿಂದೆ ಇನ್ನೂ ಐದಾರು ಜನ. ಒಂದು ಸೀಟಿಗೆ ಅಷ್ಟೂ ಜನ ನಿಲ್ಲುವರು, ಎರಡು ಸೀಟಿಗೆ ಅಷ್ಟೂ ಜನ ಹೊರಡುವರು. ಸುತ್ತು ಮುಗಿದ ಮೇಲೆ ಎಲ್ಲರೂ ಹುಲ್ಲಿನ ಮೇಲೆ ಕಾಲು ಚಾಚಿ ಕೂತು, ಇಲ್ಲದ ರಾಜಕೀಯವನ್ನೆಲ್ಲ ಮಾತಾಡುವರು. ನನಗೆ ಆ ಹೊತ್ತು ಎಷ್ಟು ಹಿಡಿಸಿತ್ತೆಂದರೆ, ಮಧ್ಯಾಹ್ನದ ಪಾಳಿಯಲ್ಲಿ ಬೇಲಿಯಾಚೆಯ ಹುಲ್ಲು ಕಂಡಾಗಲೆಲ್ಲ ಒಬ್ಬಳೇ ನಗುತ್ತಿದ್ದೆ. ಮೊದಲು ಒಂದು ಸುತ್ತಿಗೆ ಹದಿಮೂರು ನಿಮಿಷ. ಆಮೇಲೆ ಹತ್ತು, ಎಂಟು, ಏಳು. ಕೊನೆಯ ವಾರ ಐದೂ ಮುಕ್ಕಾಲು ನಿಮಿಷಕ್ಕೆ ಬಂದು ಮುಟ್ಟಿತು.

ಪರೀಕ್ಷೆ ಶನಿವಾರ ಬೆಳಿಗ್ಗೆ. ನಾನು ಪಾಳಿಗೆ ರಜೆ ಹಾಕಿ ಬಂದಿದ್ದೆ. ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು, ಆದರೆ ಕಡ್ಡಿ ಮುರಿದಂತೆ ಮಾತಾಡುವವರು. ಇವರ ನಾಡಿ ನೋಡಿದರು, ಎದೆಗೆ ಯಂತ್ರವಿಟ್ಟು ಕೇಳಿದರು. ಆಮೇಲೆ ನನ್ನ ಕೊರಳಿನ ಸೀಟಿಯನ್ನು ನೋಡಿದರು.

"ಅದನ್ನ ಇಲ್ಲಿ ಕೊಡಿ."

"ಯಾಕಮ್ಮಾ? ಇದಿಲ್ದೆ ಇವರು..."

"ನಾನು ಪರೀಕ್ಷೆ ಮಾಡ್ತಿರೋದು ಅವರ ಎದೆಯನ್ನ, ನಿಮ್ಮ ಎದೆಯನ್ನಲ್ಲ. ಕೂಗೋ ಹಾಗಿಲ್ಲ, ಕೈ ತೋರ್ಸೋ ಹಾಗಿಲ್ಲ. ಮಧ್ಯೆ ನಿಂತ್ರೆ ನಿಲ್ಲಲಿ, ಗಡಿಯಾರ ಮಾತ್ರ ನಿಲ್ಲಲ್ಲ. ಎದೆ ಹಿಡ್ಕೊಂಡ್ರೆ ನಾನೇ ಓಡಿ ಹೋಗ್ತೀನಿ."

ಸೀಟಿ ಅವರ ಜೇಬಿಗೆ ಹೋಯಿತು. ನನ್ನ ಕೊರಳು ಬೋಳಾಯಿತು. ಮಫ್ಲರ್ ಮಾವ ಮತ್ತು ಉಳಿದ ಪ್ರಯಾಣಿಕರನ್ನು ಬೆಂಚಿನ ಮೇಲೆ ಸಾಲಾಗಿ ಕೂರಿಸಲಾಯಿತು. "ಹೊರಡಿ" ಎಂದರು ಡಾಕ್ಟರಮ್ಮ. ಇವರು ಹೊರಟರು.

ಚೆನ್ನಾಗಿಯೇ ಹೊರಟರು. ಬೆಂಚಿನ ಹತ್ತಿರ ಜನ ನಿಂತಿದ್ದರೂ ನಿಲ್ಲಲಿಲ್ಲ, ಮುಂದಿದ್ದ ದಂಪತಿಯನ್ನು ಓವರ್‌ಟೇಕ್ ಕೂಡ ಮಾಡಿದರು. ಅಷ್ಟಗಲದ ಹಸಿರಿನ ಆಚೆ ತುದಿಯಲ್ಲಿ ಇವರ ಬಿಳಿ ಅಂಗಿ ಬೆರಳಿನಷ್ಟು ಚಿಕ್ಕದಾಗಿ ಸರಿಯುತ್ತಿದ್ದದ್ದನ್ನು ನೋಡುತ್ತ ನಿಂತಿದ್ದೆ. ನಾಲ್ಕೂಮುಕ್ಕಾಲು ನಿಮಿಷಕ್ಕೆ ಕೊನೆಯ ತಿರುವು ದಾಟಿದರು. ಇನ್ನು ಐವತ್ತು ಅರವತ್ತು ಮೀಟರು. ಗೆದ್ದೆವು ಎಂದುಕೊಂಡೆ.

ಶನಿವಾರ ಹುಲ್ಲಿನ ಮೇಲೆ ಶಾಲೆಯ ಮಕ್ಕಳು ಕಾಲ್ಚೆಂಡು ಆಡುತ್ತಾರೆ. ನಾವು ಒಂದು ತಿಂಗಳು ಬಂದಿದ್ದರೂ, ಶನಿವಾರ ಮಾತ್ರ ನನಗೆ ಬೆಳಗಿನ ಪಾಳಿಯಾದ್ದರಿಂದ ಆ ದಿನ ಬಂದವರೇ ಅಲ್ಲ. ಯಾವನೋ ಪೋರ ಚೆಂಡನ್ನು ಕೈಯಲ್ಲಿ ಹಿಡಿದ. ಡ್ರಿಲ್ ಮಾಸ್ತರು ಸೀಟಿ ಊದಿದರು. ಒಂದೇ ಸಲ, ಉದ್ದಕ್ಕೆ.

ಇವರು ನಿಂತರು. ಎಡಕ್ಕೆ ಸರಿದು, ನೆಟ್ಟಗೆ, ಬ್ರೇಕು ಹಾಕಿದ ಹಾಗೆ ನಿಂತರು.

"ಅಯ್ಯೋ!" ಎಂದರು ಬೆಂಚಿನವರೆಲ್ಲ ಒಟ್ಟಿಗೆ. ಡಾಕ್ಟರಮ್ಮ ಒಂದು ಹೆಜ್ಜೆ ಮುಂದಿಟ್ಟು, ಇವರು ಎದೆ ಹಿಡಿದುಕೊಂಡಿಲ್ಲವೆಂದು ಕಂಡು, ಅಲ್ಲೇ ನಿಂತರು. ನನಗೆ ಮಾತ್ರ ಮೂರನೇ ಗೇಟಿನ ಹತ್ತಿರ ನಿಂತ ಬಸ್ಸೇ ಕಣ್ಣಮುಂದೆ ಬಂತು. ಕೈ ಕೊರಳಿಗೆ ಹೋಯಿತು, ಅಲ್ಲೇನಿದೆ? ಕೂಗಲು ಬಾಯಿ ತೆರೆದೆ. ಡಾಕ್ಟರಮ್ಮ ಬೆರಳೆತ್ತಿದರು. ಐದು ಸೆಕೆಂಡು. ಹತ್ತು ಸೆಕೆಂಡು. ಇವರು ಎರಡು ಸೀಟಿಗಾಗಿ ಕಾಯುತ್ತಿದ್ದಾರೆಂದು ಆ ಪಾರ್ಕಿನಲ್ಲಿ ಎಲ್ಲರಿಗೂ ಗೊತ್ತು. ಊದಬೇಕಾದವಳು ನಾನೊಬ್ಬಳೇ ಎಂದೂ ಗೊತ್ತು. ನನ್ನ ಕಣ್ಣಲ್ಲಿ ನೀರು ತುಂಬಿತು. ಕೆಲಸ ಹಾಳಾಗಿ ಹೋಗಲಿ, ನಿಂತದ್ದು ಕಾಲು ಮಾತ್ರ ಆಗಿರಲಿ, ಎದೆಯೊಂದು ನಿಲ್ಲದಿರಲಿ ಎಂದು ಅಲ್ಲೇ ಬೇಡಿಕೊಂಡೆ.

ಇವರು ತಿರುಗಿ ಹಿಂದೆ ನೋಡಿದರು. ಮಕ್ಕಳನ್ನು ನೋಡಿದರು, ಮಾಸ್ತರನ್ನು ನೋಡಿದರು. ಆಮೇಲೆ ಅಷ್ಟು ದೂರದಿಂದ, ಅಳುತ್ತ ನಿಂತ ನನ್ನನ್ನು ನೋಡಿದರು. ಇವರ ಭುಜ ಕುಲುಕುವುದು ಕಂಡಿತು. ನಗುತ್ತಿದ್ದರು.

"ಯಾರೂ ಇಳಿಯೋರಿಲ್ವಲ್ಲಾ!" ಎಂದು ಇಡೀ ಹುಲ್ಲುಹಾಸಿಗೆ ಕೇಳುವ ಹಾಗೆ ಕೂಗಿದರು. "ರೈಟ್! ಹೋಗೋಣ!"

ಹೊರಟೇಬಿಟ್ಟರು. ಹದಿನೆಂಟು ವರ್ಷದಲ್ಲಿ ಮೊದಲ ಸಲ ತಮಗೆ ತಾವೇ ರೈಟ್ ಹೇಳಿಕೊಂಡು ಹೊರಟರು. ಬೆಂಚಿನವರು ಎದ್ದು ನಿಂತು ಚಪ್ಪಾಳೆ ಹೊಡೆದರು. ಮಫ್ಲರ್ ಮಾವ ಮಫ್ಲರನ್ನೇ ಕಿತ್ತು ಬೀಸಿದರು. ಚೆಂಡಾಟದ ಮಕ್ಕಳೂ ಏನೂ ತಿಳಿಯದೆ ಕೇಕೆ ಹಾಕಿದರು. ಇವರು ಬಂದು ಗೆರೆ ದಾಟಿದಾಗ ಡಾಕ್ಟರಮ್ಮನ ಗಡಿಯಾರದಲ್ಲಿ ಆರು ನಿಮಿಷಕ್ಕೆ ನಾಲ್ಕು ಸೆಕೆಂಡು ಬಾಕಿ.

ಡಾಕ್ಟರಮ್ಮ ಮತ್ತೆ ನಾಡಿ ನೋಡಿದರು, ಎದೆ ಕೇಳಿದರು, ಇನ್ನೊಮ್ಮೆ ಕೇಳಿದರು. "ಎದೆ ಚೆನ್ನಾಗಿದೆ. ಕಿವಿ ಅದಕ್ಕಿಂತ ಚೆನ್ನಾಗಿದೆ," ಎಂದು ಕಾಗದಕ್ಕೆ ಸಹಿ ಹಾಕಿ, ಸೀಟಿಯನ್ನು ನನ್ನ ಕೈಗಿಟ್ಟು ಹೊರಟುಹೋದರು. ನನಗೆ ಆಕಾಶ ಮೂರೇ ಗೇಣು. ಜೊತೆಗೆ, ಸುಳ್ಳು ಯಾಕೆ ಹೇಳಲಿ, ಒಂದು ಚೂರು ಚುರುಕ್ಕೆಂದದ್ದೂ ನಿಜ. ನಾನು ಊದದಿದ್ದರೆ ಈ ಮನುಷ್ಯ ಒಂದಿಂಚೂ ಅಲುಗಾಡುವುದಿಲ್ಲ ಎಂದು ಇಷ್ಟು ವರ್ಷ ಮೆರೆದಿದ್ದೆನಲ್ಲ.

"ನಡೀರಿ ನಡೀರಿ," ಎಂದೆ ಕಣ್ಣೊರೆಸಿಕೊಂಡು. "ಶನಿವಾರ ಡಿಪೋ ಆಫೀಸು ಒಂದು ಗಂಟೆಗೇ ಮುಚ್ಚುತ್ತೆ. ಈಗ ಕಾಗದ ಕೊಟ್ರೆ ಸೋಮವಾರನೇ ಡ್ಯೂಟಿ."

ಇವರು ನಡೆಯಲಿಲ್ಲ. ಷೂ ಬಿಚ್ಚಿದರು, ಕಾಲುಚೀಲ ಬಿಚ್ಚಿದರು. ಬರಿಗಾಲಲ್ಲಿ ಹುಲ್ಲಿನ ನಡುವಿಗೆ ಹೋಗಿ, ಕೈಕಾಲು ಚಾಚಿ ಅಂಗಾತ ಮಲಗಿಬಿಟ್ಟರು. ಓಡಿಹೋಗಿ ಬಗ್ಗಿ ನೋಡಿದೆ. ಇವರು ಆಕಾಶ ನೋಡುತ್ತಿದ್ದರು.

"ಏನ್ರೀ ಆಯ್ತು?"

"ಏನೂ ಆಗ್ಲಿಲ್ಲ. ತಂಪಾಗಿದೆ ಕಣೇ, ಬಾ."

"ಕಾಗದ ರೀ! ಡಿಪೋ ಮುಚ್ಚುತ್ತೆ."

"ಸೋಮವಾರ ಕೊಟ್ರಾಯ್ತು, ಮಂಗಳವಾರ ಬಸ್ಸು ಹತ್ತಿದ್ರಾಯ್ತು. ಸೋಮವಾರ ಎಲ್ಲಿಗೂ ಓಡಿಹೋಗಲ್ಲ."

ಆಸ್ಪತ್ರೆಯಿಂದ ಬಂದ ಮೇಲೆ, ಪರೀಕ್ಷೆಯೊಂದನ್ನು ಬಿಟ್ಟರೆ, ನಾವಿಬ್ಬರೂ ಅಂದಿನ ಸಂಜೆಯಿಂದಾಚೆಗಿನ ಮಾತನ್ನೇ ಆಡಿರಲಿಲ್ಲ. ಗೋಡೆಯ ಕ್ಯಾಲೆಂಡರಿನ ಹಾಳೆ ಹರಿಯಲೂ ನನಗೆ ಹೆದರಿಕೆ. ಈಗ ಈ ಮನುಷ್ಯ ಸೋಮವಾರ, ಮಂಗಳವಾರಗಳನ್ನು ಜೇಬಿನಲ್ಲಿಟ್ಟುಕೊಂಡವರ ಹಾಗೆ ಮಾತಾಡುತ್ತಿದ್ದರು. ಕಾಗದವನ್ನು ಟಿಕೆಟ್ಟಿನ ಚೀಲಕ್ಕೆ ಹಾಕಿದೆ. ಚಪ್ಪಲಿ ಬಿಚ್ಚಿ ಇವರ ಷೂ ಪಕ್ಕ ಇಟ್ಟೆ.

"ಸರೀರಿ ಸ್ವಲ್ಪ," ಎಂದೆ.

"ಇಷ್ಟು ಜಾಗ ಇದ್ಯಲ್ಲೇ, ಇನ್ನೆಷ್ಟು ಬೇಕು ನಿಂಗೆ?"

ಹಾಗೆಂದರೂ ಸರಿದರು. ನಾನು ಪಕ್ಕದಲ್ಲಿ ಮಲಗಿದೆ.