ಹೆಸರಿನ ಬಾಲ

ನನ್ನ ಹೆಸರು ಲೆಗಿನೆಮ್. ಐದು ದಿನದ ಸಂತೆವಾರದಲ್ಲಿ ಲೆಗಿ ದಿನ ಹುಟ್ಟಿದೆನಂತೆ, ಹೆಣ್ಣಂತೆ, ಅಪ್ಪ ಕೂಲಿಯಂತೆ. ಇಷ್ಟನ್ನೂ ಒಂದೇ ಹೆಸರಿನಲ್ಲಿ ತುರುಕಿ ಹಿರಿಯರು ಕೈ ತೊಳೆದುಕೊಂಡರು. ಸೋಲೋ ಪೇಟೆಯಲ್ಲಿ ಯಾರಿಗಾದರೂ ಈ ಹೆಸರು ಹೇಳಿ ನೋಡಿ, ನಾನು ಯಾವ ಬಾಗಿಲಿನಿಂದ ಒಳಗೆ ಬರಬೇಕಾದವಳು ಅಂತ ಅವರಿಗೆ ಆ ಕ್ಷಣವೇ ಗೊತ್ತಾಗುತ್ತದೆ. ನಾನು ಅಡುಗೆಗಿದ್ದ ದೊಡ್ಡ ಮನೆಯಲ್ಲಿ ಮುಂದಿನ ಹಜಾರದ ಹೆಂಗಸರ ಹೆಸರೆಲ್ಲ 'ಇ' ಅಕ್ಷರಕ್ಕೆ ಮುಗಿಯುತ್ತಿದ್ದವು. ಹಾರ್ತಾತಿ, ಮೂರ್ತಿನಿ, ಕುಸುಮಾಸ್ತುತಿ. ಹಿಂದಿನ ಅಡುಗೆಮನೆಯವರದು 'ಮ್'ಗೆ. ವಗಿಯೆಮ್, ತುಕಿನೆಮ್, ಆಮೇಲೆ ನಾನು. 'ಇ' ಅಂದರೆ ತುಟಿ ಅರಳಿ ಹಲ್ಲು ಕಾಣುತ್ತದೆ, ನಕ್ಕ ಹಾಗೆ. 'ಮ್' ಅಂದರೆ ಬಾಯಿ ಮುಚ್ಚಿಕೊಳ್ಳುತ್ತದೆ.

ಅದಕ್ಕೇ ಈ ವರ್ಷ ಮಗ ತ್ರಿಯೊನೊಗೆ ಹೆಣ್ಣುಮಗು ಹುಟ್ಟಿದಾಗ ನಾನು ಹಟ ಹಿಡಿದೆ. ಏನು ಬೇಕಾದರೂ ಇಡಿ, ಹೆಸರಿನ ಬಾಲ ಮಾತ್ರ 'ಇ' ಆಗಿರಬೇಕು ಅಂದೆ. ಸೊಸೆಯ ಹೆಸರು ಎಸ್ತಿ. ಹೆಸರಿನ ಕೊನೆ ನೋಡಿಯೇ ನಾನು ಅವಳನ್ನು ಒಪ್ಪಿದೆ ಅಂತ ಕೇರಿಯವರು ಆಡಿಕೊಳ್ಳುತ್ತಾರೆ. ಪೂರ್ತಿ ಸುಳ್ಳೂ ಅಲ್ಲ.

"ಇಂತಾನ್ ಅಂತ ಇಡೋಣ ಬು," ಅಂದಳು ಎಸ್ತಿ. ಮಗನಂತೆ ಅವಳೂ ನನ್ನನ್ನು ಬು ಅಂತಲೇ ಕರೆಯುತ್ತಾಳೆ, ಹೆತ್ತ ತಾಯಿಯನ್ನು ಕರೆದ ಹಾಗೆ. "ಚಿಕ್ಕದಾಗಿ ಚೆನ್ನಾಗಿದೆ. ವಜ್ರ ಅಂತ ಅರ್ಥ."

"ವಜ್ರನಾದ್ರೂ ಆಗ್ಲಿ, ಚಿನ್ನನಾದ್ರೂ ಆಗ್ಲಿ, ಕೊನೇಲಿ 'ಇ' ಇದೆಯಾ?"

"ಇಲ್ಲ."

"ಹಾಗಾದ್ರೆ ಬೇಡ."

"ಮೊದ್ಲಲ್ಲಿ ಇದೆಯಲ್ಲ ಬು," ಅಂತ ತ್ರಿಯೊನೊ ನಗುತ್ತಾ ಮಧ್ಯೆ ಬಾಯಿ ಹಾಕಿದ.

"ಮೊದ್ಲಲ್ಲಿದ್ದು ಏನ್ ಬಂತು? ಜನ ಕೂಗೋದು ಹೆಸರಿನ ಕೊನೇ ತುಂಡನ್ನ ಹಿಡ್ಕೊಂಡು. ನಿನ್ನೇ ಎಲ್ರೂ ನೊ, ನೊ ಅಂತ ಕೂಗಲ್ವಾ?"

ಐದನೆಯ ದಿನ ಹೆಸರಿಡುವ ಊಟ. ತಾಳೆಬೆಲ್ಲದ ಕೆಂಪು ಗಂಜಿ, ತೆಂಗಿನಹಾಲಿನ ಬಿಳಿ ಗಂಜಿ ಎರಡನ್ನೂ ನಾನೇ ಕಾಸಿದ್ದೆ. ಗಂಡಸರು ಚಾಪೆಯ ಮೇಲೆ ಕೂತರು. ಮಸೀದಿಯ ಹಿರಿಯರು ಪ್ರಾರ್ಥನೆಗೆ ಮುಂಚೆ ಮಗುವಿನ ಹೆಸರೇನು ಅಂತ ಕೇಳಿದರು. ತ್ರಿಯೊನೊ ಬಾಯಿ ತೆರೆಯುವ ಮೊದಲೇ ಪರದೆಯ ಹಿಂದಿನಿಂದ ನಾನು ಹೇಳಿಬಿಟ್ಟೆ: ರೆತ್ನೊ ಕುಸುಮಾವರ್ಧನಿ. ಚಾಪೆಯ ಮೇಲಿದ್ದ ತಲೆಗಳೆಲ್ಲ ಮೇಲೆದ್ದವು. ಅದು ಅರಮನೆಯ ಹೆಸರು, ನಮ್ಮದು ಬೈಕ್ ರಿಪೇರಿ ಮಾಡುವವನ ಮನೆ. ಎಸ್ತಿ ನನ್ನ ಮುಖ ನೋಡಿದಳು. ಅಷ್ಟು ಜನರ ಮುಂದೆ ಅತ್ತೆಯ ಮಾತು ತೆಗೆದುಹಾಕುವ ಹುಡುಗಿ ಅವಳಲ್ಲ. ಅದು ನನಗೆ ಗೊತ್ತಿತ್ತು, ಗೊತ್ತಿದ್ದೇ ಹೇಳಿದ್ದೆ.

"ಅಕ್ಕಾ, ಇಷ್ಟುದ್ದದ ಹೆಸರು ನಿಮ್ಮ ತೊಟ್ಟಿಲಲ್ಲಿ ಹಿಡಿಯುತ್ತಾ, ಇಲ್ಲ ಕಾಲು ಹೊರಗೆ ಚಾಚ್ಕೊಳುತ್ತಾ?" ಅಂತ ಪಕ್ಕದ ಮನೆಯ ಜುಮಿಲಾ ಕೆಣಕಿದಳು. ಎಲ್ಲರೂ ನಕ್ಕರು. ಮಗುವಿಗೆ ಮೈ ಉಜ್ಜಲು ಬರುವ ಸೂಲಗಿತ್ತಿ ಸುರೊ ಅಜ್ಜಿ ಮಾತ್ರ ನಗಲಿಲ್ಲ. "ಭಾರ ಆಯ್ತು ಕಣೇ," ಅಂದು ಎಲೆಅಡಿಕೆ ಉಗಿಯಲು ಹೊರಗೆ ಹೋದಳು. ಹೊಟ್ಟೆಕಿಚ್ಚಿನ ಮುದುಕಿ ಅಂದುಕೊಂಡೆ.

ಎರಡನೆಯ ತಿಂಗಳಿಗೆ ಮಗುವಿಗೆ ಜ್ವರ ಬಂತು. ಆಸ್ಪತ್ರೆಯಲ್ಲಿ ಔಷಧ ಕೊಟ್ಟರು, ಇಳಿಯಿತು. ಮತ್ತೆ ಏರಿತು. ಎದೆಹಾಲು ಬಾಯಿಗೆ ಇಟ್ಟರೆ ಮುಖ ತಿರುಗಿಸಿ ಕಿರುಚುತ್ತಿತ್ತು. ತೊಡೆಯ ಮೇಲಿನ ಮಾಂಸ ಕರಗಿ ಚರ್ಮ ಸುಕ್ಕಾಯಿತು. ಎಸ್ತಿ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೂ ಮನೆಗೂ ತಿರುಗಿ ತಿರುಗಿ ಬಡಕಲಾದಳು.

ಕೇರಿಯವರಿಗೆ ಮಾತ್ರ ರೋಗ ಏನು ಅಂತ ಮೊದಲೇ ತಿಳಿದಿತ್ತು. ಹೆಸರು ಭಾರವಾಗಿದೆ, ಮಗುವಿಗೆ ಹೊರಲಾಗುತ್ತಿಲ್ಲ. ನಮ್ಮಲ್ಲಿ ಹಾಗೆ ಆಗುವುದುಂಟು. ಮೈಗೆ ಮೀರಿದ ಹೆಸರಿಟ್ಟರೆ ಮಗು ನವೆಯುತ್ತದೆ, ಹಗುರವಾದ ಹೆಸರಿಗೆ ಬದಲಾಯಿಸಬೇಕು. ತರಕಾರಿ ಗಾಡಿಯ ಹತ್ತಿರ ನಾನು ಹೋದರೆ ಹೆಂಗಸರ ಮಾತು ತಟ್ಟನೆ ನಿಲ್ಲುತ್ತಿತ್ತು. ಜುಮಿಲಾ ಕೂಡ ಕೆಣಕುವುದನ್ನು ಬಿಟ್ಟಳು. ಅವಳು ಕೆಣಕಿದ್ದರೆ ಎಷ್ಟೋ ವಾಸಿ ಇತ್ತು. ನನ್ನ ಆಸೆಗೆ ಕೂಸನ್ನು ಬಲಿಕೊಡುತ್ತಿದ್ದೇನೆ ಅಂತ ಅನ್ನಿಸಿ ನಾನು ಗಾಡಿಯ ಕಡೆಗೇ ಹೋಗದಾದೆ.

ಕೊನೆಗೆ ಸುರೊ ಅಜ್ಜಿ ಬಂದು ಮಗುವಿನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದಳು.

"ಪಾಯಿಂಗ್ ದಿನ ಹುಟ್ಟಿದ್ದಲ್ವಾ ಇದು? ಪಾಯಿನೆಮ್ ಅಂತ ಕರೀರಿ. ಹಗುರ ಹೆಸರು, ಹೊತ್ಕೊಂಡು ಓಡಾಡುತ್ತೆ."

ನನಗೆ ಮೈಯೆಲ್ಲ ಉರಿಯಿತು. "ಹಗುರ ಹೆಸರು ಬೇರೆ ಇಲ್ವಾ ಅಜ್ಜಿ? ಅದೊಂದು ಅಕ್ಷರ ಬೇಡ."

"ಬೇರೆ ಯಾಕೆ? ನೀನು ಆ ಅಕ್ಷರ ಹೊತ್ಕೊಂಡೇ ಮುದುಕಿ ಆಗ್ಲಿಲ್ವಾ? ಒಂದಿನ ನೆಗಡಿ ಬಂದು ಮಲಗಿದ್ದನ್ನ ನಾನು ನೋಡಿಲ್ಲ."

"ಮಲಗೋಕೆ ಬಿಟ್ಟಿದ್ರೆ ತಾನೆ," ಅಂದೆ.

ಎಸ್ತಿ ಮಗುವನ್ನು ತೂಗುತ್ತಿದ್ದವಳು ನನ್ನ ಕಡೆ ತಿರುಗಿದಳು. "ಬು, ಆ ಹೆಸರಲ್ಲಿ ಏನ್ ಕೆಟ್ಟದ್ದಿದೆ?"

"ನಿನಗೆ ಗೊತ್ತಿಲ್ಲ."

"ಹೇಳಿ ಮತ್ತೆ."

ಏನು ಹೇಳಲಿ? ಅಡುಗೆಮನೆಯ ನೆಲದ ಮೇಲೆ ಕೂತು ಅವರು ಬಿಟ್ಟದ್ದನ್ನು ಉಂಡದ್ದು ಹೇಳಲೇ? 'ನೆಮ್' ಅಂತ ಕೂಗಿದಾಗಲೆಲ್ಲ ಓಡಿ, ಮುಂದಿನ ಹಜಾರ ದಾಟುವಾಗ ಸೊಂಟ ಬಗ್ಗಿಸಿ ಬಗ್ಗಿಸಿ ಬೆನ್ನು ಹೀಗೇ ನಿಂತುಹೋದದ್ದು ಹೇಳಲೇ? ಅದನ್ನೆಲ್ಲ ಮಗನಿಗೇ ಹೇಳಿದವಳಲ್ಲ ನಾನು.

"ನನಗೆ ಮಗು ಬೇಕು ಬು," ಅಂದಳು ಎಸ್ತಿ. ಅವಳ ದನಿ ಏರಲಿಲ್ಲ. "ಮಗುನೇ ಹೋದ್ರೆ ನಿಮ್ಮ 'ಇ'ನ ಎತ್ತಿಕೊಂಡು ಏನ್ ಮಾಡ್ಲಿ?"

ಅವಳಿಗೆ ಈ ಹೆಸರಿನ ಭಾರದಲ್ಲಿ ನಂಬಿಕೆ ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೆತ್ತವಳು, ಯಾರು ಏನು ಹೇಳಿದರೂ ಮಾಡುವ ಸ್ಥಿತಿಯಲ್ಲಿದ್ದಳು. ಆಸ್ಪತ್ರೆಯನ್ನೂ ಬಿಡಲಿಲ್ಲ. ಅವತ್ತೇ ಬೇರೆ ಡಾಕ್ಟರಿಗೆ ತೋರಿಸಿದಳು. ಕಿವಿಯೊಳಗೆ ಕೀವು ಕಟ್ಟಿದೆ ಅಂತ ಅವರು ಹೊಸ ಔಷಧ ಕೊಟ್ಟರು.

ಮಾರನೆಯ ದಿನ ಮತ್ತೆ ಕೆಂಪು ಗಂಜಿ, ಬಿಳಿ ಗಂಜಿ. ಅದೇ ಚಾಪೆ, ಅದೇ ಜನ. ಹೊರಿಸಿದವಳೇ ಇಳಿಸಬೇಕು ಅಂತ ಸುರೊ ಅಜ್ಜಿ ಪಟ್ಟು ಹಿಡಿದಳು. ಪರದೆಯಿಂದ ಆಚೆ ಬಂದು ಎಲ್ಲರೆದುರು ಮಗುವಿನ ಕಿವಿಗೆ ಹೊಸ ಹೆಸರನ್ನು ನಾನೇ ಹೇಳಬೇಕಾಯಿತು. ಬಾಗಿದೆ. ಬಿಸಿ ಕಿವಿ ನನ್ನ ತುಟಿಗೆ ತಾಗಿತು. ಪಾಯಿ ಅಂದೆ, ನೆ ಅಂದೆ, ಕೊನೆಯದು ಹೊರಡಲಿಲ್ಲ. "ಪೂರ್ತಿ ಹೇಳು," ಅಂದಳು ಅಜ್ಜಿ. ಹೇಳಿದೆ. ನನ್ನದೇ ಹಣೆಬರಹವನ್ನು ತೆಗೆದು ಆ ಹಸುಗೂಸಿನ ಹಣೆಗೆ ಮೆತ್ತಿದ ಹಾಗಾಯಿತು. ಯಾರೂ ನಗಲಿಲ್ಲ. ಗಂಜಿಯ ತಟ್ಟೆ ಹಂಚುವಾಗ ನಾನು ಯಾರ ಮುಖವನ್ನೂ ನೋಡಲಿಲ್ಲ.

ಜ್ವರ ಇಳಿಯಿತು, ಮತ್ತೆ ಬರಲಿಲ್ಲ. ಹೆಸರಿನಿಂದ ಅಂದರು ಕೇರಿಯವರು, ಔಷಧದಿಂದ ಅಂದ ತ್ರಿಯೊನೊ. ಮಗು ಹಾಲು ಕುಡಿಯಿತು, ಕೆನ್ನೆ ತುಂಬಿತು. ನಾನು ಮಾತ್ರ ಅದನ್ನು ಹೆಸರು ಹಿಡಿದು ಕರೆಯಲಿಲ್ಲ. ಪುಟ್ಟಿ ಅಂದೆ, ಕಂದ ಅಂದೆ, ಆ ಅಕ್ಷರವನ್ನು ಸುತ್ತಿ ಬಳಸಿ ದಿನ ತಳ್ಳಿದೆ.

ಮೊನ್ನೆ ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಕೂತು ಈರುಳ್ಳಿ ಬಿಡಿಸುತ್ತಿದ್ದೆ. ಮುಂದಿನ ಕೋಣೆಯಿಂದ "ನೆಮ್" ಅಂತ ಕೇಳಿಸಿತು. ಹೆಂಗಸಿನ ದನಿ. "ನೆಮ್, ನೆಮ್..."

ಚಾಕು ಬಿಸಾಡಿ ಎದ್ದೆ. ಎದ್ದದ್ದು ನಾನಲ್ಲ, ನನ್ನ ಕಾಲು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, ಸೊಂಟ ಬಗ್ಗಿಸಿ, ಓಡಿಹೋಗಿ ಹೊಸ್ತಿಲಾಚೆಯೇ ನಿಂತು ನೆಲ ನೋಡುತ್ತಾ ಹೇಳಿದೆ: "ಬಂದೆ ಅಮ್ಮಾವ್ರೇ."

ಎಸ್ತಿ ಕಾಲು ಚಾಚಿ ಕೂತು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದಳು. ಅವಳ ಮುಖದ ಮೇಲಿನ ನಗು ಹಾಗೇ ಇಂಗಿಹೋಯಿತು. ನಾನು ಮಗನ ಮನೆಯಲ್ಲಿ, ನನ್ನ ಸೊಸೆಗೆ, ಕೈ ಕಟ್ಟಿಕೊಂಡು ಅಮ್ಮಾವ್ರೇ ಅಂದಿದ್ದೆ. ಭೂಮಿ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

"ಮಗೂನ ಕರೀತಿದ್ದೆ ಬು," ಅಂದಳು ಎಸ್ತಿ ಮೆಲ್ಲಗೆ.

"ಗೊತ್ತು," ಅಂದೆ. ಗೊತ್ತಿರಲಿಲ್ಲ.

ಅವಳಿಗೆ ಆವತ್ತು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿಬಿಟ್ಟಿತ್ತು ಅನ್ನಿಸುತ್ತದೆ. ಸರಿದು ಚಾಪೆಯ ಮೇಲೆ ಜಾಗ ಮಾಡಿದಳು. ಹೊಸ್ತಿಲು ದಾಟಿ ಹೋಗಿ ಅವಳ ಪಕ್ಕದಲ್ಲಿ ಕೂತೆ. ಕೈಯಲ್ಲಿನ್ನೂ ಈರುಳ್ಳಿಯ ಘಾಟು ಇತ್ತು.

"ಇನ್ನೊಂದ್ಸಲ ಕರಿ," ಅಂದೆ.

"ಯಾರನ್ನ?"

"ಮಗೂನೇ. ನಾನು ಸುಮ್ನೆ ಕೇಳ್ತೀನಿ."

ಎಸ್ತಿ ಮಗುವಿನ ಕಡೆ ಬಾಗಿ ಕರೆದಳು. ಚಿಕ್ಕವಳಿದ್ದಾಗಲೇ ಆ ದೊಡ್ಡ ಮನೆಗೆ ಸೇರಿದವಳು ನಾನು, ಅಮ್ಮ ಹೇಗೆ ಕರೆಯುತ್ತಿದ್ದಳೋ ನೆನಪಿಲ್ಲ. ಏನನ್ನೂ ತಾ ಅನ್ನದೆ, ಏನನ್ನೂ ಮಾಡು ಅನ್ನದೆ, ಆ ಹೆಸರನ್ನು ಒಬ್ಬರು ಸುಮ್ಮನೆ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.